ಅದು ಹೇಗೆ ಗೊತ್ತು? – ಸರೋವರದ ಹೂಳಿನಲ್ಲಿ ಜ್ವಾಲಾಮುಖಿಯ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಆದ್ದರಿಂದ ಕಂಪ್ಯೂಟರ್ ಬಗ್ಗೆಯೇ ಮಾತನಾಡು ಎಂದು ಸಮಿತಿಯವರು ಹೇಳಿದ್ದರು. ಆದರೆ ಈ ಶಾಲೆಯಲ್ಲಿ ನನ್ನದೊಂದು ಸಾಲ ಬಾಕಿ ಇದೆ. ಮೊದಲು ಅದನ್ನು ತೀರಿಸುತ್ತೇನೆ.

ಹಿಂದಿನ ವರ್ಷ ವಿಜ್ಞಾನ ದಿನದಂದು ಬೆಂಗಳೂರಿನಿಂದಲೇ ಆನ್‌ಲೈನ್‌ನಲ್ಲಿ ಒಂಬತ್ತನೇ ತರಗತಿಯ ಮಕ್ಕಳ ಜೊತೆ ಮಾತನಾಡಿದ್ದೆ. ಮಕ್ಕಳಿಗೆ ಬೇಸರವಾಗಬಾರದೆಂದು ಒಂದು ಕಥೆ ಹೇಳಿದೆ. ಸುಮಾರು 74,000 ವರ್ಷಗಳ ಹಿಂದೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಟೋಬಾ ಎಂಬ ಜ್ವಾಲಾಮುಖಿ ಸಿಡಿಯಿತು, ಆಕಾಶವೆಲ್ಲ ಕತ್ತಲಾಯಿತು, ಭೂಮಿ ವರ್ಷಗಟ್ಟಲೆ ಚಳಿಗೆ ನಡುಗಿತು, ಮನುಷ್ಯರು ಬೆರಳೆಣಿಕೆಯಷ್ಟೇ ಉಳಿದರು, ನಾವೆಲ್ಲ ಅವರ ಮಕ್ಕಳು ಎಂದು ಹೇಳಿದೆ. ಮಕ್ಕಳು ಬಾಯಿ ತೆರೆದು ಕೇಳಿದರು. ಆಗ ಒಬ್ಬಳು ಹುಡುಗಿ ಎದ್ದು ನಿಂತು, "ಸರ್, ಆಗ ಬರೆದಿಡೋರು ಯಾರೂ ಇರಲಿಲ್ಲವಲ್ಲ, ಅದು ಹೇಗೆ ಗೊತ್ತು?" ಎಂದು ಕೇಳಿದಳು. "ವಿಜ್ಞಾನಿಗಳು ಕಂಡುಹಿಡಿದಿದ್ದಾರಮ್ಮ" ಎಂದೆ. ಅವಳು ಸುಮ್ಮನೆ ಕುಳಿತಳು. ಅದು ಉತ್ತರವಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಾಯಿತು.

ಆಮೇಲೆ ಓದತೊಡಗಿದೆ. ನಾನು ಭೂವಿಜ್ಞಾನಿಯಲ್ಲ. ತಿಳಿದವರು ಬರೆದದ್ದನ್ನು ಬಿಡುವಾದಾಗ ಓದಿ ಅರ್ಥಮಾಡಿಕೊಂಡವನು, ಅಷ್ಟೇ. ಓದಿ ಮುಗಿಸುವಾಗ ನಾನು ಹೇಳಿದ ಕಥೆಯಲ್ಲಿ ಅರ್ಧ ಸರಿ, ಉಳಿದರ್ಧವನ್ನು ಹಾಗೆ ಖಂಡಿತವಾಗಿ ಹೇಳಬಾರದಿತ್ತು ಎಂದು ತಿಳಿಯಿತು. ಅದನ್ನು ತಿಳಿಸಿಕೊಟ್ಟದ್ದು ಒಂದು ಸರೋವರದ ಕೆಸರು.

ನಮ್ಮ ಊರಿನ ಕೆರೆಯಲ್ಲಿ ಹೂಳು ತುಂಬುವುದನ್ನು ನೀವೆಲ್ಲ ನೋಡಿದ್ದೀರಿ. ಮಳೆಗಾಲದಲ್ಲಿ ಹೊಲದ ಮಣ್ಣು ನೀರಿನೊಂದಿಗೆ ಬಂದು ತಳದಲ್ಲಿ ಕೂರುತ್ತದೆ. ಮರುವರ್ಷದ ಹೂಳು ಅದರ ಮೇಲೆ ಕೂರುತ್ತದೆ. ಹಳೆಯದು ಕೆಳಗೆ, ಹೊಸದು ಮೇಲೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ, ದನ ತುಳಿಯುವ, ಹೂಳೆತ್ತುವ ಕೆರೆಯಲ್ಲಿ ಈ ಕ್ರಮ ಕಲಸಿಹೋಗುತ್ತದೆ. ಆದರೆ ಸಾವಿರಾರು ವರ್ಷ ಬತ್ತದ, ಯಾರೂ ಕೆದಕದ ಆಳವಾದ ಸರೋವರದ ತಳದಲ್ಲಿ ಹೂಳು ಹಾಜರಿ ಪುಸ್ತಕದ ಹಾಗೆ ಪುಟದ ಮೇಲೆ ಪುಟವಾಗಿ ಉಳಿದುಕೊಳ್ಳುತ್ತದೆ.

ಇನ್ನು ಬೂದಿ. ಜ್ವಾಲಾಮುಖಿಯ ಬೂದಿ ಎಂದರೆ ನಮ್ಮ ಒಲೆಯ ಬೂದಿಯಲ್ಲ. ಏನೂ ಸುಟ್ಟು ಆದದ್ದಲ್ಲ ಅದು. ಭೂಮಿಯೊಳಗಿನ ಕರಗಿದ ಶಿಲೆಯಲ್ಲಿ ಅನಿಲ ಕರಗಿರುತ್ತದೆ. ಶಿಲೆ ಮೇಲೇರಿದಂತೆ ಒತ್ತಡ ಕಡಿಮೆಯಾಗಿ, ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಗುಳ್ಳೆಗಳೇಳುತ್ತವೆ, ನೊರೆಯುಕ್ಕಿ ಸಿಡಿಯುತ್ತದೆ. ಆ ನೊರೆ ಗಾಳಿಯಲ್ಲಿ ತಟ್ಟನೆ ತಣಿದು ಗಾಜಿನ ಚೂರುಗಳಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಲವು ಚೂರುಗಳು ಒಡೆದ ಗಾಜಿನ ಬಳೆಯ ತುಂಡಿನಂತೆ ಬಾಗಿರುತ್ತವೆ. ಅವು ಒಂದು ಕಾಲದಲ್ಲಿ ಗುಳ್ಳೆಯ ಗೋಡೆಗಳಾಗಿದ್ದವು. ಸಣ್ಣ ಚೂರುಗಳು ಗಾಳಿಯಲ್ಲಿ ಸಾವಿರಾರು ಕಿಲೋಮೀಟರ್ ತೇಲಿ ಹೋಗಿ, ಕೆಳಗೆ ಸರೋವರವಿದ್ದರೆ ಅದರಲ್ಲಿ ಬಿದ್ದು ಆ ವರ್ಷದ ಹೂಳಿನೊಂದಿಗೆ ತಳ ಸೇರುತ್ತವೆ.

ಈ ಪದರಗಳನ್ನು ಕಾಲದ ಗುರುತಾಗಿ ಬಳಸುವ ವಿದ್ಯೆಗೆ ತಳಹದಿ ಹಾಕಿದವರು ಐಸ್‌ಲ್ಯಾಂಡಿನ ಸಿಗುರ್ಡುರ್ ಥೋರಾರಿನ್ಸನ್. ಅವರ ದೇಶದಲ್ಲಿ ಹೆಕ್ಲಾ ಎಂಬ ಜ್ವಾಲಾಮುಖಿ 1104ರಲ್ಲಿ ಸಿಡಿದು ಹತ್ತಿರದ ಕಣಿವೆಯ ಹೊಲಮನೆಗಳನ್ನು ಬೂದಿಯಲ್ಲಿ ಹೂತುಹಾಕಿತ್ತು. ಅವರು ಆ ಕಣಿವೆಯ ಮಣ್ಣಿನಲ್ಲಿ ಬೂದಿಯ ಪದರಗಳನ್ನು ಒಂದೊಂದಾಗಿ ಗುರುತಿಸಿ, 1944ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ವಿಧಾನವನ್ನು ವಿವರಿಸಿದರು. ಬೂದಿಗೆ ಗ್ರೀಕ್ ಭಾಷೆಯ ಟೆಫ್ರಾ ಎಂಬ ಪದವನ್ನು ಬಳಕೆಗೆ ತಂದವರೂ ಅವರೇ. ಬೂದಿ ಬೀಳುವುದು ಕೆಲವು ಗಂಟೆ ಅಥವಾ ಕೆಲವು ದಿನಗಳ ಕೆಲಸ. ಆದ್ದರಿಂದ ಒಂದೇ ಬೂದಿ ಹತ್ತು ಊರುಗಳ ಮಣ್ಣಿನಲ್ಲಿ ಸಿಕ್ಕಿದರೆ, ಆ ಹತ್ತೂ ಕಡೆ ಆ ಗೆರೆ ಒಂದೇ ಕ್ಷಣದ್ದು.

ಇದನ್ನು ಓದಿದಾಗ ನನಗೆ ನನ್ನ ಕೆಲಸ ನೆನಪಾಯಿತು. ನಮ್ಮಲ್ಲಿ ಹತ್ತಾರು ಕಂಪ್ಯೂಟರುಗಳು ತಮ್ಮಲ್ಲಿ ನಡೆದದ್ದನ್ನೆಲ್ಲ ಗಂಟೆ ನಿಮಿಷದ ಸಮೇತ ಬರೆದಿಡುತ್ತವೆ. ಅದಕ್ಕೆ ಲಾಗ್ ಎನ್ನುತ್ತೇವೆ. ಏನಾದರೂ ಕೆಟ್ಟಾಗ ಆ ಲಾಗ್‌ಗಳನ್ನು ಓದಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹುಡುಕಬೇಕು. ಆದರೆ ಒಂದು ಕಂಪ್ಯೂಟರಿನ ಗಡಿಯಾರ ಮುಂದಿರುತ್ತದೆ, ಇನ್ನೊಂದರದು ಹಿಂದಿರುತ್ತದೆ. ಆಗ ಎಲ್ಲದರಲ್ಲೂ ದಾಖಲಾಗಿರುವ ಒಂದೇ ಘಟನೆಯನ್ನು ಹಿಡಿದು ಗಡಿಯಾರಗಳನ್ನು ಹೊಂದಿಸಿಕೊಳ್ಳುತ್ತೇವೆ. ಸರೋವರಗಳಿಗೆ ಬೂದಿಯ ಪದರವೇ ಅಂಥ ಘಟನೆ.

ಗಡಿಯಾರವೇ ಚೆನ್ನಾಗಿರುವ ಒಂದು ಸರೋವರವೂ ಇದೆ. ಜಪಾನಿನ ಫುಕುಯಿ ಪ್ರಾಂತ್ಯದ ಸುಯಿಗೆತ್ಸು. ಅದಕ್ಕೆ ದೊಡ್ಡ ನದಿ ನೇರವಾಗಿ ಬಂದು ಸೇರುವುದಿಲ್ಲ, ಹಾಗಾಗಿ ತಳ ಕದಡುವುದಿಲ್ಲ. ತಳದ ನೀರಿನಲ್ಲಿ ಆಮ್ಲಜನಕವಿಲ್ಲ, ಹಾಗಾಗಿ ಕೆಸರನ್ನು ಕೆದಕುವ ಹುಳಗಳೂ ಇಲ್ಲ. ಅಲ್ಲಿ ಋತುವಿಗೆ ತಕ್ಕಂತೆ ಗಾಢ ಬಣ್ಣದ ಪದರ, ತಿಳಿ ಬಣ್ಣದ ಪದರ ಒಂದರ ಮೇಲೊಂದು ಕೂತಿವೆ. ಎರಡು ಸೇರಿದರೆ ಒಂದು ವರ್ಷ, ದಪ್ಪ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಇಂಥ ಸುಮಾರು 45 ಮೀಟರ್ ಕೆಸರಿನಲ್ಲಿ ಸುಮಾರು 70,000 ವರ್ಷಗಳ ಲೆಕ್ಕವಿದೆ. ಆ ಪದರಗಳಲ್ಲಿ ಸಿಕ್ಕ ಎಲೆಗಳ ಕಾಲಮಾಪನದಿಂದ ಜಗತ್ತಿನ ರೇಡಿಯೋಕಾರ್ಬನ್ ಲೆಕ್ಕವನ್ನೇ ಇನ್ನಷ್ಟು ಸರಿಪಡಿಸಿದ್ದಾರೆ. ಈ ಕೆಸರನ್ನು ಜನರಿಗೆ ತೋರಿಸಲು 2018ರಲ್ಲಿ ಅಲ್ಲೊಂದು ವಸ್ತುಸಂಗ್ರಹಾಲಯವನ್ನೇ ತೆರೆದರು.

2006ರಲ್ಲಿ ಸುಯಿಗೆತ್ಸುವಿನಿಂದ ತೆಗೆದ ಕೆಸರಿನಲ್ಲಿ ಬರಿಗಣ್ಣಿಗೆ ಕಾಣುವ ಬೂದಿ ಪದರಗಳು 30. ಅಂದರೆ 30 ಸಲ ಮಾತ್ರ ಬೂದಿ ಬಿದ್ದಿದೆ ಎಂದು ಅರ್ಥವೇ? ಅಲ್ಲ. ದೂರದ ಸ್ಫೋಟದಿಂದ ಬಂದು ಬಿದ್ದದ್ದು ಚಿಟಿಕೆಯಷ್ಟೂ ಇರುವುದಿಲ್ಲ. ಅದಕ್ಕೆ ಪದರವಿಲ್ಲ, ಬಣ್ಣವಿಲ್ಲ. ಕೆಸರಿನೊಳಗೆ ಅಡಗಿರುವ ಈ ಬೂದಿಯನ್ನು ಹುಡುಕುವುದೇ ಈಗಿನ ವಿಜ್ಞಾನಿಗಳ ದೊಡ್ಡ ಕೆಲಸ.

ಅದನ್ನು ಹೇಗೆ ಹುಡುಕುತ್ತಾರೆ? ಮೊದಲು ಸರೋವರದ ಮೇಲೆ ತೆಪ್ಪದಂಥ ವೇದಿಕೆ ಕಟ್ಟಿ, ಉದ್ದನೆಯ ಕೊಳವೆಯನ್ನು ತಳಕ್ಕೆ ಇಳಿಸಿ ಕೆಸರನ್ನು ಕದಡದೆ ಕಂಬದಂತೆ ಮೇಲೆತ್ತುತ್ತಾರೆ. ಅದನ್ನು ಉದ್ದಕ್ಕೆ ಸೀಳಿ, ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತಾರೆ. ಪ್ರತಿ ತುಂಡನ್ನೂ ಶುಚಿಗೊಳಿಸಿ, ಕೂದಲಿನ ದಪ್ಪದ ಮೂರನೇ ಒಂದು ಭಾಗದಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾರೆ. ಉಳಿದದ್ದರಲ್ಲಿ ಮರಳೂ ಇರುತ್ತದೆ, ಗಾಜೂ ಇರುತ್ತದೆ. ಬಿತ್ತನೆಗೆ ಮುಂಚೆ ನಮ್ಮ ರೈತರು ಭತ್ತವನ್ನು ಉಪ್ಪುನೀರಿಗೆ ಹಾಕುತ್ತಾರಲ್ಲ, ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ, ಇಲ್ಲೂ ಅದೇ ಉಪಾಯ. ನೀರಿಗಿಂತ ಸುಮಾರು ಎರಡೂವರೆ ಪಟ್ಟು ಸಾಂದ್ರತೆಯ ದ್ರವದಲ್ಲಿ ಹಾಕಿದರೆ ಮರಳು ಮುಳುಗುತ್ತದೆ, ಜ್ವಾಲಾಮುಖಿಯ ಗಾಜು ತೇಲುತ್ತದೆ. ತೇಲಿದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಚೂರುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಯಂತ್ರಗಳು ಎಷ್ಟೇ ಇದ್ದರೂ ಈ ಎಣಿಕೆಗೆ ಬೇಕಾದದ್ದು ಕಣ್ಣು ಮತ್ತು ತಾಳ್ಮೆ.

ಮುಂದಿನ ಪ್ರಶ್ನೆ, ಇದು ಯಾವ ಜ್ವಾಲಾಮುಖಿಯದು? ಎಲ್ಲರ ಮನೆಯ ಸಾರಿಗೂ ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿಯೇ ಹಾಕುವುದು. ಆದರೂ ಒಂದು ಮನೆಯ ಸಾರಿನ ಹಾಗೆ ಇನ್ನೊಂದು ಮನೆಯದು ಇರುವುದಿಲ್ಲ, ಹಾಕುವ ಪ್ರಮಾಣ ಬೇರೆ. ಹಾಗೆಯೇ ಗಾಜಿನಲ್ಲಿ ಸಿಲಿಕಾ, ಪೊಟ್ಯಾಸಿಯಂ, ಕಬ್ಬಿಣ, ಕ್ಯಾಲ್ಸಿಯಂ ಎಷ್ಟೆಷ್ಟಿವೆ ಎಂಬುದು ಜ್ವಾಲಾಮುಖಿಯಿಂದ ಜ್ವಾಲಾಮುಖಿಗೆ ಬೇರೆ. ಒಂದೊಂದು ಚೂರಿನ ಮೇಲೂ ಎಲೆಕ್ಟ್ರಾನ್ ಕಿರಣ ಹಾಯಿಸಿ ಈ ಪ್ರಮಾಣ ಅಳೆಯುತ್ತಾರೆ. ಆಮೇಲೆ ಜ್ವಾಲಾಮುಖಿಗಳ ಹತ್ತಿರದಿಂದ ತಂದ ಮಾದರಿಗಳ ಜೊತೆ ಹೋಲಿಸುತ್ತಾರೆ. ಸುಯಿಗೆತ್ಸುವಿನಲ್ಲಿ ಹೀಗೆ ಸಿಕ್ಕ ಕೆಲವು ಚೂರುಗಳು ಸುಮಾರು 500 ಕಿಲೋಮೀಟರ್ ದೂರದ, ಕೊರಿಯಾದ ಉಲ್ಲುಂಗ್ ದ್ವೀಪದವು ಎಂದು ತಿಳಿಯಿತು. ಮೊದಲು ಲೆಕ್ಕಕ್ಕೇ ಇಲ್ಲದಿದ್ದ ಸ್ಫೋಟಗಳೂ ಈ ಹುಡುಕಾಟದಲ್ಲಿ ಹೊರಬಂದವು.

ಜ್ವಾಲಾಮುಖಿಯ ಲೆಕ್ಕವನ್ನು ದೂರದ ಕೆಸರಿನಲ್ಲಿ ಏಕೆ ಹುಡುಕಬೇಕು, ಜ್ವಾಲಾಮುಖಿಯ ಬುಡದಲ್ಲೇ ನೋಡಬಾರದೇ ಎಂದು ನೀವು ಕೇಳಬಹುದು. ನೋಡುತ್ತಾರೆ. ಆದರೆ ಜ್ವಾಲಾಮುಖಿ ತನ್ನ ದಾಖಲೆಯನ್ನು ತಾನೇ ಅಳಿಸುತ್ತದೆ. ಹೊಸ ಸ್ಫೋಟ ಹಳೆಯದನ್ನು ಹೂಳುತ್ತದೆ ಅಥವಾ ಹಾರಿಸಿಬಿಡುತ್ತದೆ. ಉಳಿದದ್ದನ್ನು ಮಳೆ ಕೊಚ್ಚುತ್ತದೆ. ದೂರದ ಸರೋವರ ಮಾತ್ರ ತನ್ನ ಪಾಡಿಗೆ ತಾನು ಬರೆದುಕೊಳ್ಳುತ್ತಿರುತ್ತದೆ.

ಇಟಲಿಯ ದಕ್ಷಿಣದಲ್ಲಿ ಲಾಗೋ ಗ್ರಾಂಡೆ ದಿ ಮೊಂಟಿಕ್ಕಿಯೋ ಎಂಬ ಸಣ್ಣ ಸರೋವರವಿದೆ. ವೆಸುವಿಯಸ್‌ನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್. ಅದರ ಹೂಳಿನಲ್ಲಿ ಸುಮಾರು 1,33,000 ವರ್ಷಗಳ ಅವಧಿಯ 340ಕ್ಕೂ ಹೆಚ್ಚು ಬೂದಿ ಪದರಗಳು ಸಿಕ್ಕಿವೆ. ಸರಾಸರಿ ತೆಗೆದರೆ ನಾನೂರು ವರ್ಷಕ್ಕೊಂದು. ಹಾಗೆಂದು ನಾನೂರು ವರ್ಷಕ್ಕೊಮ್ಮೆ ತಪ್ಪದೆ ಬರುತ್ತದೆ ಎಂದಲ್ಲ. ಕೆಲವೊಮ್ಮೆ ಮೇಲಿಂದ ಮೇಲೆ, ಕೆಲವೊಮ್ಮೆ ದೀರ್ಘ ಮೌನ. ಕ್ರಿ.ಶ. 79ರಲ್ಲಿ ಪಾಂಪೇ ನಗರವನ್ನು ಹೂತುಹಾಕಿದ ವೆಸುವಿಯಸ್‌ನ ಸುತ್ತ ಇಂದು ಲಕ್ಷಾಂತರ ಜನ ವಾಸಿಸುತ್ತಾರೆ. ಅಜ್ಜ, ಮುತ್ತಜ್ಜ ನೋಡಿಲ್ಲವೆಂದರೆ ಇಲ್ಲವೆಂದೇ ಅಂದುಕೊಳ್ಳುವುದು ಮನುಷ್ಯರ ಸ್ವಭಾವ. ನಮ್ಮದೇ ಅಂಡಮಾನಿನ ಬ್ಯಾರೆನ್ ದ್ವೀಪದ ಜ್ವಾಲಾಮುಖಿ ಒಂದೂವರೆ ಶತಮಾನ ಸುಮ್ಮನಿದ್ದು 1991ರಲ್ಲಿ ಮತ್ತೆ ಎದ್ದಿತು. ಯಾವ ಊರಿಗೆ ಎಷ್ಟು ಬೂದಿ ಬೀಳಬಹುದು, ಯಾರನ್ನು ಮೊದಲು ಸ್ಥಳಾಂತರಿಸಬೇಕು ಎಂದು ಯೋಜಿಸುವವರಿಗೆ ಮನುಷ್ಯರ ನೆನಪು ಸಾಲದು, ಸರೋವರದ ನೆನಪೂ ಬೇಕು.

ಆದರೆ ಸರೋವರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಮಕ್ಕಳೇ, ಇದನ್ನು ಮನೆಯಲ್ಲಿ ಮಾಡಿ ನೋಡಿ. ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಸ್ವಲ್ಪ ಕೆಮ್ಮಣ್ಣು ಹಾಕಿ, ತಿಳಿಯಾಗಲು ಬಿಡಿ. ಮೇಲಿನಿಂದ ಒಂದು ಚಿಟಿಕೆ ರಂಗೋಲಿ ಪುಡಿ ಉದುರಿಸಿ. ಅದು ಕೂತ ಮೇಲೆ ಮತ್ತೆ ಮಣ್ಣು ಹಾಕಿ. ಕೆಂಪಿನ ನಡುವೆ ಬಿಳಿ ಗೆರೆ ಕಾಣುತ್ತದೆ. ಅದೇ ನಿಮ್ಮ ಜ್ವಾಲಾಮುಖಿ. ಈಗ ಲೋಟದ ಒಳಗೋಡೆಗೆ ಅಂಟಿದ್ದ ರಂಗೋಲಿ ಪುಡಿಯನ್ನು ನೀರು ಚಿಮುಕಿಸಿ ತೊಳೆಯಿರಿ. ಮೇಲೆ ಇನ್ನೊಂದು ಬಿಳಿ ಗೆರೆ ಮೂಡುತ್ತದೆ. ನೋಡಿದವರು ಎರಡು ಸ್ಫೋಟ ಎನ್ನುತ್ತಾರೆ, ಆದದ್ದು ಒಂದೇ. ನಿಜವಾದ ಸರೋವರದಲ್ಲೂ ದಡದ ಗುಡ್ಡಗಳ ಮೇಲೆ ಬಿದ್ದ ಬೂದಿ ಮಳೆಯಲ್ಲಿ ತೊಳೆದುಬಂದು ವರ್ಷಗಟ್ಟಲೆ ಸೇರುತ್ತಲೇ ಇರುತ್ತದೆ. ಅದಕ್ಕೇ ಅವರು ಪದರದ ಅಡಿಯ ಗೆರೆ ಸ್ಪಷ್ಟವಾಗಿದೆಯೇ, ಗಾಜಿನ ಜೊತೆ ಮಣ್ಣು ಬೆರೆತಿದೆಯೇ, ಚೂರುಗಳ ಸಂಖ್ಯೆ ಎಲ್ಲಿ ಒಮ್ಮೆಲೇ ಏರಿದೆ ಎಂದು ನೋಡುತ್ತಾರೆ. ಗಾಳಿ ಬೇರೆ ದಿಕ್ಕಿಗೆ ಬೀಸಿದ್ದರೆ ದೊಡ್ಡ ಸ್ಫೋಟದ ಗುರುತೂ ಒಂದು ಸರೋವರದಲ್ಲಿ ಇಲ್ಲದಿರಬಹುದು. ಹಾಗಾಗಿ ಒಂದೇ ಸರೋವರದ ಸಾಕ್ಷಿ ಸಾಲದು. ಹಲವು ಸರೋವರಗಳಲ್ಲಿ ಪದರದ ದಪ್ಪ ಅಳೆದು ನಕ್ಷೆ ಬರೆದಾಗ ಮಾತ್ರ ಸ್ಫೋಟ ಎಷ್ಟು ದೊಡ್ಡದಿತ್ತು ಎಂದು ಅಂದಾಜು ಮಾಡಬಹುದು.

ಈಗ ಟೋಬಾಕ್ಕೆ ಬರುತ್ತೇನೆ. ಸ್ಫೋಟ ಆದದ್ದು ನಿಜ. ಕಳೆದ ಒಂದು ಲಕ್ಷ ವರ್ಷಗಳಲ್ಲಿ ಅಷ್ಟು ದೊಡ್ಡದು ಬೇರೊಂದಿಲ್ಲ. ಕುಸಿದ ಜಾಗದಲ್ಲಿ ನಿಂತ ನೀರೇ ಇಂದಿನ ಟೋಬಾ ಸರೋವರ, ಉದ್ದ ಸುಮಾರು 100 ಕಿಲೋಮೀಟರ್. ಅದರ ಬೂದಿ ಭಾರತದ ಮೇಲೂ ಬಿದ್ದಿದೆ. ಬಳ್ಳಾರಿಯಿಂದ ಪೂರ್ವಕ್ಕೆ 150 ಕಿಲೋಮೀಟರಿನೊಳಗೆ, ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಅದು ನೆಲದಡಿ ಎರಡು ಮೀಟರಿಗೂ ಹೆಚ್ಚು ದಪ್ಪವಾಗಿ ನಿಂತಿದೆ. ಟೋಬಾದಿಂದ ಅಲ್ಲಿಗೆ ಸುಮಾರು 2,600 ಕಿಲೋಮೀಟರ್. ಎರಡು ಮೀಟರ್ ಎಂದಾಗ ಗಾಬರಿಯಾಗಬೇಡಿ, ಲೋಟದ ಎರಡನೇ ಗೆರೆಯನ್ನು ನೆನಪಿಸಿಕೊಳ್ಳಿ. ಆಕಾಶದಿಂದ ನೇರವಾಗಿ ಬಿದ್ದದ್ದು ಅಡಿಯ ಕೆಲವೇ ಸೆಂಟಿಮೀಟರ್. ಉಳಿದದ್ದು ಸುತ್ತಲಿನಿಂದ ತೊಳೆದು ಬಂದು ತಗ್ಗಿನಲ್ಲಿ ಸೇರಿದ್ದು.

ಈ ಸ್ಫೋಟದಿಂದ ಭೂಮಿಗೆ ದೀರ್ಘ ಚಳಿ ಕವಿಯಿತು, ಮನುಷ್ಯಕುಲ ಅಳಿವಿನ ಅಂಚಿಗೆ ಹೋಯಿತು ಎಂಬ ವಾದವನ್ನು 1998ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಸ್ಟ್ಯಾನ್ಲಿ ಆಂಬ್ರೋಸ್ ಮುಂದಿಟ್ಟರು. ಅದು ಹುರುಳಿಲ್ಲದ ಮಾತಾಗಿರಲಿಲ್ಲ, ಪರೀಕ್ಷಿಸಬೇಕಾದ ಊಹೆಯಾಗಿತ್ತು. ನನ್ನಂಥವರು ಅದನ್ನು ಪರೀಕ್ಷೆ ಮುಗಿದ ಸತ್ಯವೆಂಬಂತೆ ಹೇಳಿಕೊಂಡು ತಿರುಗಿದೆವು.

ಪರೀಕ್ಷೆ ನಡೆದದ್ದು ಆಫ್ರಿಕಾದಲ್ಲಿ. ಮನುಷ್ಯರು ಆಗ ಹೆಚ್ಚಾಗಿ ಇದ್ದದ್ದು ಅಲ್ಲೇ. ಟೋಬಾದಿಂದ ಸುಮಾರು 7,000 ಕಿಲೋಮೀಟರ್ ದೂರದ ಮಲಾವಿ ಸರೋವರದಿಂದ 2005ರಲ್ಲಿ ಕೆಸರಿನ ಕಂಬಗಳನ್ನು ತೆಗೆದಿದ್ದರು. ಅದರಲ್ಲಿ ಟೋಬಾದ ಬೂದಿ ಕಣ್ಣಿಗೆ ಕಾಣುವಂತಿರಲಿಲ್ಲ. ಕ್ರಿಸ್ಟೀನ್ ಲೇನ್ ಮತ್ತು ಸಂಗಡಿಗರು ಈಗ ಹೇಳಿದ ಕ್ರಮದಲ್ಲೇ ತುಂಡು ತುಂಡಾಗಿ ತೊಳೆದು, ತೇಲಿಸಿ, ಎಣಿಸಿ, ಗಾಜಿನ ಚೂರುಗಳನ್ನು ಹಿಡಿದರು. ರಾಸಾಯನಿಕ ಪ್ರಮಾಣ ಟೋಬಾದ್ದೇ ಎಂದು ಹೊಂದಿತು. 2013ರಲ್ಲಿ ಅದನ್ನು ಪ್ರಕಟಿಸಿದರು.

ಆಮೇಲಿನ ಕೆಲಸ ಸುಲಭ ಮತ್ತು ನೇರ. ಬೂದಿಯ ಗೆರೆಯ ಕೆಳಗೆ ಸ್ಫೋಟಕ್ಕೆ ಮುಂಚಿನ ಕಾಲ, ಮೇಲೆ ಆಮೇಲಿನ ಕಾಲ. ಸೂಕ್ಷ್ಮಜೀವಿಗಳು ಬಿಟ್ಟುಹೋದ ಕೊಬ್ಬಿನ ಅಣುಗಳಿಂದ ಆಗಿನ ಸರೋವರದ ನೀರಿನ ಬಿಸಿಯನ್ನು ಲೆಕ್ಕಹಾಕಬಹುದು. ಗೆರೆಯ ಕೆಳಗೂ ಮೇಲೂ ನೋಡಿದರು. ಗಮನಾರ್ಹ ತಂಪು ಕಾಣಲಿಲ್ಲ. ಮುಂದೆ ಅದೇ ಕೆಸರನ್ನು ಮಿಲಿಮೀಟರ್ ಲೆಕ್ಕದಲ್ಲಿ, ಅಂದರೆ ಒಂದು ತುಂಡಿಗೆ ಹತ್ತು ವರ್ಷಕ್ಕಿಂತ ಕಡಿಮೆ ಬರುವಂತೆ ಕತ್ತರಿಸಿ ನೋಡಿದರು. ಆಗಲೂ ಕಾಣಲಿಲ್ಲ. ಇನ್ನೊಂದು ಸಂಗತಿಯೂ ಹೊರಬಂತು. ಆ ಸರೋವರದ ಗಡಿಯಾರವೇ ತಪ್ಪಾಗಿತ್ತು. ಟೋಬಾದ ಗೆರೆ ಸಿಕ್ಕ ಮೇಲೆ ಲೆಕ್ಕ ತಿದ್ದಿದಾಗ, ಪೂರ್ವ ಆಫ್ರಿಕಾದ ಮಹಾ ಬರಗಾಲಗಳು ಮೊದಲು ಅಂದುಕೊಂಡಿದ್ದಕ್ಕಿಂತ ಕನಿಷ್ಠ 10,000 ವರ್ಷ ಮುಂಚೆಯೇ ಮುಗಿದಿದ್ದವು ಎಂದು ತಿಳಿಯಿತು.

ಜ್ವಾಲಾಪುರಂನಲ್ಲೂ ಇಂಥದ್ದೇ ಸಾಕ್ಷಿ. ಅಲ್ಲಿ ಅಗೆದವರಲ್ಲಿ ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರೊಫೆಸರ್ ರವಿ ಕೋರಿಶೆಟ್ಟರ್ ಅವರೂ ಇದ್ದರು. ಬೂದಿಯ ಕೆಳಗೆ ಕಲ್ಲಿನ ಉಪಕರಣಗಳು ಸಿಕ್ಕವು, ಮೇಲೂ ಅದೇ ಬಗೆಯವು ಸಿಕ್ಕವು. 2007ರಲ್ಲಿ ಈ ತಂಡ ಹೇಳಿದ್ದು, ಆ ಕಣಿವೆಯಲ್ಲಿ ಜನಜೀವನ ಸ್ಫೋಟದ ನಂತರವೂ ಮುಂದುವರಿದಂತಿದೆ ಎಂದು. ದಕ್ಷಿಣ ಆಫ್ರಿಕಾದ ಪಿನಕಲ್ ಪಾಯಿಂಟ್ ಎಂಬಲ್ಲಿಯೂ ಟೋಬಾದ ಗಾಜಿನ ಚೂರುಗಳು ಸಿಕ್ಕವು, ಅಲ್ಲಿಯೂ ಜನ ಬದುಕು ಮುಂದುವರಿಸಿದ್ದರು ಎಂದು 2018ರಲ್ಲಿ ವರದಿಯಾಯಿತು.

ಹಾಗಾದರೆ ಟೋಬಾದಿಂದ ಏನೂ ಆಗಲಿಲ್ಲವೇ? ಹಾಗೆ ಹೇಳಿದರೆ ಇನ್ನೊಂದು ತಪ್ಪು ಮಾಡಿದಂತೆ. ಹತ್ತಿರದ ಜನ, ಪ್ರಾಣಿಗಳು ಏನೆಲ್ಲ ಅನುಭವಿಸಿರಬಹುದು ಊಹಿಸಿ. ಒಂದೆರಡು ವರ್ಷದ ಚಳಿ ಬಂದು ಹೋಗಿದ್ದರೆ ಅದು ಎಂಟೊಂಬತ್ತು ವರ್ಷದ ತುಂಡಿನೊಳಗೆ ಕಾಣದೆ ಹೋಗಬಹುದು. ಮಲಾವಿಯ ಕೆಸರು ಮಲಾವಿಯ ಮಾತನ್ನಷ್ಟೇ ಹೇಳುತ್ತದೆ. ಪೂರ್ವ ಆಫ್ರಿಕಾವನ್ನು ವರ್ಷಗಟ್ಟಲೆ ಹಿಂಡಿದ ಚಳಿಗೆ ಅಲ್ಲಿ ಪುರಾವೆಯಿಲ್ಲ ಎನ್ನುವಷ್ಟೇ ನಮಗೆ ಹಕ್ಕಿದೆ.

ಆ ದಿನ ಪ್ರಶ್ನೆ ಕೇಳಿದ ಹುಡುಗಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಈ ಸಭೆಯಲ್ಲೇ ಎಲ್ಲೋ ಕುಳಿತಿರಬೇಕು. ಅವಳಿಗೆ ನನ್ನ ಉತ್ತರ ಇದು. ನೋಡಮ್ಮ, ಬರೆದಿಡುವ ಮನುಷ್ಯರು ಆಗ ಇರಲಿಲ್ಲ, ನೀನು ಹೇಳಿದ್ದು ಸರಿ. ಬರೆದದ್ದು ಕೆಸರು. ಅದನ್ನು ಓದುವುದಕ್ಕೆ ತೊಳೆಯಬೇಕು, ತೇಲಿಸಬೇಕು, ಎಣಿಸಬೇಕು, ಅಳೆಯಬೇಕು, ಇನ್ನೊಂದು ಸರೋವರದ ಜೊತೆ ತಾಳೆ ನೋಡಬೇಕು. ಇದರಲ್ಲಿ ಯಾವ ಹೆಜ್ಜೆಯನ್ನು ಬೇಕಾದರೂ ಇನ್ನೊಬ್ಬರು ಮತ್ತೆ ಮಾಡಿ ನೋಡಬಹುದು. "ಗೊತ್ತು" ಎಂಬ ಮಾತಿಗೆ ಆಧಾರ ಅದೇ. ನಾನು ಆ ದಿನ ಹೇಳಿದ ಕಥೆಗೆ ಆ ಆಧಾರವಿರಲಿಲ್ಲ, ಕೇಳಲು ಚೆನ್ನಾಗಿತ್ತು ಅಷ್ಟೇ. ಆ ದಿನ ಸರಿಯಾಗಿ ಉತ್ತರ ಹೇಳದೆ ನಿನ್ನನ್ನು ಕೂರಿಸಿದ್ದಕ್ಕೆ ಕ್ಷಮೆ ಇರಲಿ.

ಗುರುಗಳಲ್ಲಿ ನನ್ನದೊಂದು ಕೋರಿಕೆ. ಇಂಥ ಪ್ರಶ್ನೆ ಕೇಳುವ ಮಕ್ಕಳು ಈ ಶಾಲೆಯಲ್ಲಿದ್ದಾರೆ ಎಂದರೆ ನೀವು ಪಾಠ ಚೆನ್ನಾಗಿಯೇ ಮಾಡುತ್ತಿದ್ದೀರಿ. ಪ್ರಯೋಗಾಲಯಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕೊಡಿಸಲು ನಮ್ಮ ಬ್ಯಾಚಿನವರು ಹಣ ಕೂಡಿಸಿದ್ದೇವೆ. ದಯವಿಟ್ಟು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ನಮ್ಮ ಕೆರೆಯ ಹೂಳನ್ನೇ ಮೊದಲು ಅದರಡಿ ಇಟ್ಟು ಮಕ್ಕಳಿಗೆ ತೋರಿಸಿ. ಏನು ಕಾಣುತ್ತದೋ ಅವರೇ ಹೇಳಲಿ, ಅದು ಹೇಗೆ ಗೊತ್ತು ಎಂದು ಪಕ್ಕದವರು ಕೇಳಲಿ.